ನಲ್ಲಿನೀರು, ಹದಿನೈದು ಮಿಲಿಆಂಪ್

ಮೊದಲು ಉಂಗುರ ತೆಗಿ ಅಂದಳು ನರ್ಸ್ ಬ್ರೆಂಡಾ.
ತೆಗೆದೆ. ಸೋಪು ಬೇಡ, ಎಣ್ಣೆ ಬೇಡ,
ತಾನಾಗಿ ಜಾರಿ ಬಂತು.
ನನ್ನ ಕೈಯಿಂದ ಜಾರದೆ ಉಳಿದದ್ದು ಯಾವುದು?

ಎದೆಯಲ್ಲಿ ಪೇಸ್‌ಮೇಕರ್? ಇಲ್ಲ.
ಮೈಯಲ್ಲೆಲ್ಲಾದರೂ ಲೋಹ? ಇಲ್ಲ.
ಬಸುರಿಯೇ? ಐವತ್ತೆರಡಕ್ಕೆ! ಇಬ್ಬರೂ ನಕ್ಕೆವು.
ಹೆಬ್ಬೆರಳ ಬುಡದ ಗೀರಿಗೆ ವ್ಯಾಸಲೀನ್ ಸವರಿ
ಎರಡು ತಟ್ಟೆ ತಂದಿಟ್ಟಳು,
ಹಿಟ್ಟು ಕಲಸುವಂಥವು, ಆಳವಿಲ್ಲ.
ಒಳಗೆ ಸ್ಟೋಕ್ ಊರಿನ ಬರೀ ನಲ್ಲಿನೀರು.

ನೀರಿಗೆ ನೀರೇ ಮದ್ದೆಂದು
ನಲವತ್ತು ವರ್ಷ ಯಾರೂ ಹೇಳಲಿಲ್ಲ.

ಶಿರ್ವದ ಶಾಲೆಯಲ್ಲಿ ನನ್ನ ಉತ್ತರಪತ್ರಿಕೆ
ಹಪ್ಪಳದ ಹಾಗೆ ಅಲೆಯಲೆಯಾಗಿ ಒಣಗುತ್ತಿತ್ತು.
ಅಂಗೈ ಕೆಳಗೆ ಕರ್ಚೀಫು, ಅದರ ಕೆಳಗೆ ಶಾಯಿಯ ಕೆರೆ.
ಹೆದರಿಕೆ ಪಾಪ, ಅಂದರು ಸಿಸ್ಟರ್ ಇವೆಟ್.
ಹೆದರಿಕೆ ಇರಲಿಲ್ಲ ಸಿಸ್ಟರ್,
ಬೆವರು ಬಂದ ಮೇಲೆ ಬರುತ್ತಿತ್ತು.
ಬೆವರಿಳಿಸಿ ದುಡಿ ಎಂದು ಗೋಡೆಯ ಮೇಲೆ ಬರೆದಿತ್ತು;
ನಾನು ಸುಮ್ಮನೆ ಕೂತೇ ಇಳಿಸುತ್ತಿದ್ದೆ.

ಲಾಂಗ್ಟನ್ನಿನ ಪಿಂಗಾಣಿ ಕಾರ್ಖಾನೆಯಲ್ಲಿ
ಬಟ್ಟಲಿಗೆ ಚಿನ್ನದ ಅಂಚು ಬರೆವ ಕೆಲಸ.
ಬಲಗೈಯ ಕುಂಚ ಕೂದಲಷ್ಟೂ ಕದಲದು,
ಬಟ್ಟಲು ಹಿಡಿದ ಎಡಗೈ ಒದ್ದೆ ಗುರುತು ಬಿಡುತ್ತಿತ್ತು.
ಕೈ ಒರೆಸಿಕೊಂಡಿಲ್ವಾ ಡಕ್, ಅನ್ನುತ್ತಿದ್ದ ಡೆರೆಕ್.
ಇಲ್ಲಿ ಎಲ್ಲರೂ ಎಲ್ಲರಿಗೂ ಡಕ್.
ಬಾತುಕೋಳಿಯ ಮೇಲೆ ನೀರು ನಿಲ್ಲದಂತೆ;
ನನ್ನ ಮೇಲೆ ಬಿಟ್ಟರೆ ಇನ್ನೆಲ್ಲೂ ನಿಲ್ಲದು.

ರಾತ್ರಿ ಹಚ್ಚುವ ಅಲ್ಯುಮಿನಿಯಂ ದ್ರಾವಣ
ಚರ್ಮ ಸುಟ್ಟಿತು, ಬೆವರು ನಕ್ಕಿತು.
ಗುಳಿಗೆ ನುಂಗಿದರೆ ಕೈಗಿಂತ ಮೊದಲು ಬಾಯಿ ಒಣಗಿ
ಜಪಸರದ ಅರ್ಧದಲ್ಲೇ ನಾಲಿಗೆ ಅಂಗಳಕ್ಕೆ ಅಂಟಿತು.
ಎದೆಯೊಳಗಿನ ನರ ಕತ್ತರಿಸಬಹುದು, ಅಂದರು ಡಾಕ್ಟರು,
ಆಮೇಲೆ ಅದೇ ಬೆವರು ಬೆನ್ನಿಗೆ ಹೋಗಲೂಬಹುದು.
ಬೇಡ ಅಂದೆ. ಬೆನ್ನ ಹಿಂದಿನದನ್ನು ನಾನು ಹೇಗೆ ಒರೆಸಲಿ?

ಬ್ರೆಂಡಾ ಗುಂಡಿ ತಿರುಗಿಸಿದಳು.
ಐದು. ಎಂಟು. ಹದಿನೈದು.
ಕೆಂಪಿರುವೆ ಸಾಲು ಮಣಿಕಟ್ಟಿನ ತನಕ ಬಂದು
ಅಲ್ಲೇ ಏನೋ ಯೋಚಿಸುತ್ತಾ ನಿಂತಿತು.
ಇಪ್ಪತ್ತು ನಿಮಿಷ ಮೂಗು ತುರಿಸುವ ಹಾಗಿಲ್ಲ.
ತನ್ನ ನಾಯಿಗೆ ಕಿವುಡಾದ ಕಥೆ ಹೇಳಿದಳು.
ವಾರಕ್ಕೆ ಮೂರು ಸಲ, ಬಸ್ಸು ಬದಲಿಸಿ.
ಆರನೇ ಸಲ ಏನೂ ಇಲ್ಲ. ಏಳನೇ ಸಲ ಏನೂ ಇಲ್ಲ.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ;
ಅಂಗೈ ಒಣಗಿದ್ದು ಕಾಣಲು ನನಗೆ ಮಾತ್ರ
ಟೆಸ್ಕೊದ ತರಕಾರಿ ಚೀಲ ಬೇಕಾಯಿತು:
ಎಷ್ಟು ಉಜ್ಜಿದರೂ ಬಾಯಿ ಬಿಡದು ಆ ತೆಳು ಪ್ಲಾಸ್ಟಿಕ್ಕು.
ಜನ್ಮದಲ್ಲಿ ಮೊದಲ ಸಲ
ಎಲ್ಲರಂತೆ ಬೆರಳು ನೆಕ್ಕಿದೆ.
ಬೀನ್ಸ್ ಮುಂದೆ ನಿಂತು ಅತ್ತೆ, ಸ್ವಲ್ಪ.

ವಲೇರಿಯನ್‌ಗೆ ಹೇಳಲಿಲ್ಲ.
ಟಿವಿ ನೋಡುತ್ತಾ ಅವರೇ ಕೈ ಹಿಡಿದು,
ಜ್ವರವಾ, ಅಂದರು.

ಭಾನುವಾರ ಪೂಜೆಯಲ್ಲಿ ಪಾದ್ರಿ
ಶಾಂತಿಯ ಗುರುತು ಹಂಚಿಕೊಳ್ಳಿ ಅಂದಾಗ
ವರ್ಷಗಟ್ಟಲೆ ನಾನು ಚೀಲದಲ್ಲಿ ಏನನ್ನೋ ಹುಡುಕಿದವಳು,
ದೇವರೆದುರೇ ಕೈ ಕೊಟ್ಟು ತಪ್ಪಿಸಿಕೊಂಡವಳು.
ಈ ಸಲ ತಿರುಗಿ ನಿಜವಾಗಿ ಕೈ ಕೊಟ್ಟೆ,
ಹಿಂದಿನ ಬೆಂಚಿನ ಹುಡುಗನಿಗೆ.
ಹದಿನಾರೋ ಹದಿನೇಳೋ, ಶಾಲೆಯ ಟೈ.
ಅವನ ಕೈ ತೊಯ್ದ ಮೀನು.
ಸಾರಿ, ಹೊರಗೆ ಮಳೆ, ಅಂದ.
ಬಣ್ಣದ ಗಾಜಿನ ತುಂಬ ಬಿಸಿಲು.

ನಾನು ಕೈ ಬಿಡಲಿಲ್ಲ. ಲಂಗಕ್ಕೆ ಒರೆಸಿಕೊಳ್ಳಲೂ ಇಲ್ಲ.
ಗಾಯಕವೃಂದ ಏಳುವಷ್ಟರಲ್ಲಿ ಪಿಸುಗುಟ್ಟಿದೆ:
ಮಂಗಳವಾರ, ಎರಡನೇ ಮಹಡಿ.
ಬ್ರೆಂಡಾ ಅಂತ ಕೇಳು.
ನಾಯಿಯ ಬಗ್ಗೆ ವಿಚಾರಿಸು, ಹೊತ್ತು ಹೋಗುತ್ತೆ.